ಕಲ್ಲುಗೋಡೆಯ ಹಳೇ ಮನೆ, ಕೆಳಗೆ ಆಫೀಸು, ಮೇಲೆ ವಾಸ: ಮಾಳಿಗೆಗೆ ವೈಫೈ ಬರುತ್ತಿಲ್ಲ, ದೊಡ್ಡ ರೌಟರ್ ತಗೊಳ್ಳಲೇ?

ಬೇಡ್ರಿ, ರೊಕ್ಕ ಹಾಳು. ಹಳೇ ಬಾಗಲಕೋಟೆಯ ಮನೆ, ಒಂದೂವರೆ ಅಡಿ ಕಲ್ಲಿನ ಗೋಡೆ ಅಂತ ನೀವೇ ಬರೆದಿದ್ದೀರಿ. ಅಂಥ ಎರಡು ಗೋಡೆ ದಾಟುವಷ್ಟರಲ್ಲಿ ವೈಫೈನ ವೇಗದ 5 ಗಿಗಾಹರ್ಟ್ಸ್ ಸಿಗ್ನಲ್ ಮುಗಿದೇ ಹೋಗುತ್ತದೆ. ಆಂಟೆನಾ ಎಂಟಿದ್ದರೂ ಅಷ್ಟೇ. ರೌಟರ್ ಎಷ್ಟು ಜೋರಾಗಿ ಕೂಗಿದರೂ ಮೊಬೈಲಿನ ಸಣ್ಣ ದನಿ ಅದಕ್ಕೆ ವಾಪಸ್ ಮುಟ್ಟಬೇಕಲ್ಲ. ಮಾಳಿಗೆಗೆ ಒಂದು ಕೇಬಲ್ ಎಳೆದು, ಮೂಲೆಯಲ್ಲಿ ಬಿದ್ದಿದೆ ಎಂದಿರಲ್ಲ, ಆ ಹಳೇ ರೌಟರನ್ನೇ ಅಲ್ಲಿ ಹಚ್ಚಿ.

ನೆಟ್‌ವರ್ಕ್ ಕೇಬಲ್ ಕ್ಯಾಟ್-6 ದರ್ಜೆಯದ್ದಿರಲಿ, ಪೂರ್ತಿ ತಾಮ್ರದ್ದು. ಅಗ್ಗದ್ದರಲ್ಲಿ ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಇರುತ್ತದೆ. ಎಳೆಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಅದು ಬೇಗ ಮುರಿಯುತ್ತದೆ. ಕರೆಂಟ್ ವೈರಿನ ಪೈಪಿನಲ್ಲೇ ತೂರಿಸಬೇಡಿ, ಬೇರೆ ಪಿವಿಸಿ ಪೈಪ್ ಹಾಕಿಸಿ.

ತೊಂದರೆಯೆಲ್ಲ ಬರುವುದು ಕ್ರಿಂಪಿಂಗ್‌ನಲ್ಲಿ, ಅಂದರೆ ಕೇಬಲ್ ತುದಿಗೆ ಕನೆಕ್ಟರ್ ಒತ್ತಿ ಕೂರಿಸುವಾಗ. ಎರಡೂ ತುದಿಗೆ ಎಳೆಗಳ ಬಣ್ಣ ಒಂದೇ ಸಾಲಿನಲ್ಲಿರಲಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಜೋಡಿಗಳ ಹುರಿಯನ್ನು ಅರ್ಧ ಇಂಚಿಗಿಂತ ಹೆಚ್ಚು ಬಿಚ್ಚಬೇಡಿ. ಹೊರಗಿನ ಸಿಪ್ಪೆ ಕನೆಕ್ಟರಿನ ಒಳಗೇ ಹಿಡಿದುಕೊಳ್ಳಬೇಕು, ಇಲ್ಲವಾದರೆ ನಾಲ್ಕು ಸಲ ಎಳೆದಾಡಿದರೆ ಎಳೆ ಕಿತ್ತು ಬರುತ್ತದೆ. ಕೇಬಲ್ ಟೆಸ್ಟರಿನಲ್ಲಿ 1ರಿಂದ 8ರ ತನಕ ದೀಪ ಸಾಲಾಗಿ ಹತ್ತಲಿ. ನೀಲಿ ಅಥವಾ ಕಂದು ಜೋಡಿ ಕೈಕೊಟ್ಟರೂ ಸಾಮಾನ್ಯವಾಗಿ ಇಂಟರ್ನೆಟ್ ನಡೆಯುತ್ತದೆ, ಆದರೆ ಗಿಗಾಬಿಟ್ (1000 ಎಂಬಿಪಿಎಸ್) ವೇಗ ಹೋಗಿ 100 ಎಂಬಿಪಿಎಸ್‌ಗೆ ಇಳಿಯುತ್ತದೆ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ಎಷ್ಟೋ ಜನ ಇದಕ್ಕೆ ಸುಮ್ಮನೆ ಇಂಟರ್ನೆಟ್ ಕಂಪನಿಯವರನ್ನು ಬೈಯುತ್ತಾರೆ.

ಮುಖ್ಯ ರೌಟರಿನ ವಿಳಾಸ 192.168.1.1 ಇದ್ದರೆ, ಹಳೇ ರೌಟರನ್ನು ಲ್ಯಾಪ್‌ಟಾಪಿಗೆ ಮಾತ್ರ ಜೋಡಿಸಿ ಆ ರೌಟರಿಗೆ 192.168.1.2 ವಿಳಾಸ ಕೊಡಿ, ಅದರ ಡಿಎಚ್‌ಸಿಪಿ (ಮೊಬೈಲು, ಕಂಪ್ಯೂಟರ್‌ಗಳಿಗೆ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಸೇವ್ ಮಾಡಿ. ಆಮೇಲೆ ಕೆಳಗಿನಿಂದ ಬಂದ ಕೇಬಲನ್ನು ಅದರ ಲ್ಯಾನ್ (ಮನೆಯೊಳಗಿನ ಜೋಡಣೆಯ) ಪೋರ್ಟಿಗೆ ಚುಚ್ಚಿ. ವ್ಯಾನ್ (ಹೊರಗಿನ ಇಂಟರ್ನೆಟ್ ಬರುವ) ಪೋರ್ಟ್ ಖಾಲಿ ಇರಲಿ. ವ್ಯಾನ್‌ಗೆ ಹಾಕಿದರೆ ಮಾಳಿಗೆ ಬೇರೆಯೇ ನೆಟ್‌ವರ್ಕ್ ಆಗಿ, ಕೆಳಗಿನ ಪ್ರಿಂಟರ್ ಮೇಲಿನವರಿಗೆ ತಾನಾಗಿ ಕಾಣಿಸುವುದಿಲ್ಲ. ಡಿಎಚ್‌ಸಿಪಿ ಆಫ್ ಮಾಡದೆ ಬಿಟ್ಟರೆ ಎರಡೂ ರೌಟರ್ ವಿಳಾಸ ಹಂಚಲು ಶುರು ಮಾಡುತ್ತವೆ, ಆಗ "ವೈಫೈ ಐತಿ, ನೆಟ್ ಇಲ್ಲ" ಅನ್ನುವ ರಗಳೆ. 2.4 ಗಿಗಾಹರ್ಟ್ಸ್ ವೈಫೈನಲ್ಲಿ ಒಂದು ರೌಟರಿಗೆ ಚಾನೆಲ್ 1, ಇನ್ನೊಂದಕ್ಕೆ 11 ಇಡಿ, ಒಂದಕ್ಕೊಂದು ಅಡ್ಡ ಬರುವುದಿಲ್ಲ.

ಆಫೀಸಿನ ಐದು ಕಂಪ್ಯೂಟರ್, ಒಂದು ಪ್ರಿಂಟರ್‌ಗೆ 8 ಪೋರ್ಟಿನ ಗಿಗಾಬಿಟ್ ಸ್ವಿಚ್ (ಒಂದು ಕೇಬಲನ್ನು ಹಲವಕ್ಕೆ ಹಂಚುವ ಡಬ್ಬಿ) ಸಾಕು. ಮಾಳಿಗೆಯ ಕೇಬಲ್ ಸೀದಾ ಮುಖ್ಯ ರೌಟರಿಗೆ ಹೋಗಲಿ. ಪ್ರಿಂಟರಿನ ವಿಳಾಸವನ್ನು ರೌಟರಿನಲ್ಲೇ ರಿಸರ್ವ್ ಮಾಡಿಡಿ, ಅದು ಬದಲಾಗುವುದಿಲ್ಲ.

ಕರೆಂಟ್ ಹೋದಾಗಿನ ಚಿಂತೆಗೆ ಮಿನಿ ಯುಪಿಎಸ್ (ರೌಟರಿಗೆ ಹಚ್ಚುವ ಸಣ್ಣ ಬ್ಯಾಟರಿ ಡಬ್ಬಿ) ಸಾಕು. ಆದರೆ ಅಡಾಪ್ಟರಿನ ಮೇಲೆ ಬರೆದ ವೋಲ್ಟೇಜ್ ಓದಿ: ಎಷ್ಟೋ ರೌಟರಿಗೆ 12 ವೋಲ್ಟ್, ಸಣ್ಣ ಸ್ವಿಚ್‌ಗಳಿಗೆ 5 ಅಥವಾ 9. ಪಿನ್ ಕೂತಿತು ಅಂತ ಅಂಥ ಸ್ವಿಚ್‌ಗೆ 12 ಕೊಟ್ಟರೆ ಸುಡಬಹುದು.

ಹಿತ್ತಲಿನ ಗೋದಾಮಿಗೂ ಮುಂದೆ ಎಳೆಯುವುದಿದ್ದರೆ ಬಯಲಿನಲ್ಲಿ ತಾಮ್ರ ಬೇಡ, ಫೈಬರ್ (ಬೆಳಕಿನಲ್ಲಿ ಸಿಗ್ನಲ್ ಒಯ್ಯುವ ಗಾಜಿನ ಎಳೆಯ ಕೇಬಲ್) ಹಾಕಿಸಿ. ಮುಂಗಾರಿಗೆ ಮುಂಚಿನ ಸಿಡಿಲು ಹತ್ತಿರ ಬಡಿದರೆ ತಾಮ್ರದ ಕೇಬಲ್ ಎರಡೂ ಕಡೆಯ ಪೋರ್ಟ್ ತಿಂದುಹಾಕುತ್ತದೆ.