ಘಟ್ಟ ಹತ್ತಿಳಿಯುವವರಿಗೆ ಯಾವ ಕಾರು: ಕರೆಂಟಿನದೋ, ಪೆಟ್ರೋಲಿನದೋ?

ಪ್ರಶ್ನೆ: ಶಿರಸಿಯಿಂದ ಹತ್ತು ಕಿ.ಮೀ. ಒಳಗಿನ ಹಳ್ಳಿ ನಮ್ಮದು, ಅಡಿಕೆ ತೋಟವಿದೆ. ದಿನವೂ ಪೇಟೆಗೆ ಹೋಗಿಬರುವುದು, ಹದಿನೈದು ದಿನಕ್ಕೊಮ್ಮೆ ಕುಮಟಾ, ತಿಂಗಳಿಗೊಮ್ಮೆ ಹುಬ್ಬಳ್ಳಿ. ಒಟ್ಟು ಸಾವಿರ ಕಿ.ಮೀ. ಓಡಾಟ. ಹಳೆಯ ಪೆಟ್ರೋಲ್ ಕಾರು ಕೊಟ್ಟು ಎಲೆಕ್ಟ್ರಿಕ್ ತರೋಣ ಎನ್ನುತ್ತಾನೆ ಮಗ. ಘಟ್ಟದ ರಸ್ತೆ, ಮಳೆಗಾಲದ ಕರೆಂಟು ನೆನೆದರೆ ನನಗೆ ಧೈರ್ಯ ಸಾಲುತ್ತಿಲ್ಲ.
– ಅಡಿಕೆ ಬೆಳೆಗಾರರು, ಶಿರಸಿ ತಾಲೂಕು

ಉತ್ತರ: ನಿಮ್ಮ ಓಡಾಟಕ್ಕೆ ಎಲೆಕ್ಟ್ರಿಕ್ ಕಾರು ಚೆನ್ನಾಗಿ ಹೊಂದುತ್ತದೆ. ಆದರೆ ಶೋರೂಮಿಗೆ ಹೋಗುವ ಮೊದಲು ಒಬ್ಬ ಒಳ್ಳೆಯ ಎಲೆಕ್ಟ್ರಿಷಿಯನ್ನನ್ನು ಮನೆಗೆ ಕರೆಸಿ.

ಮೊದಲು ಘಟ್ಟದ ಹೆದರಿಕೆ. ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ. ಒಂದೂವರೆ ಟನ್ ತೂಕದ ಕಾರು ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬರುವಾಗ ಏರಿಗೆಂದೇ ಹೆಚ್ಚುವರಿಯಾಗಿ ಸುಡುವುದು ಮೂರು ಯೂನಿಟ್‌ಗಿಂತ ಕಡಿಮೆ. ಸಮತಟ್ಟಿನ ರಸ್ತೆಯಲ್ಲಿ ಅಷ್ಟು ವಿದ್ಯುತ್ತಿಗೆ 20 ಕಿ.ಮೀ. ಹೋಗಬಹುದು. ಅಂದರೆ ಘಟ್ಟ ಹತ್ತುವುದೆಂದರೆ 20 ಕಿ.ಮೀ. ದೂರ ಹೆಚ್ಚಾಯಿತು ಎಂದು ಲೆಕ್ಕ ಹಿಡಿದರೆ ಸಾಕು. ಇಳಿಯುವಾಗ ಮೋಟರೇ ಕಾರನ್ನು ಹಿಡಿದು ನಿಲ್ಲಿಸುತ್ತಾ ಬ್ಯಾಟರಿಗೆ ಕರೆಂಟು ತುಂಬುತ್ತದೆ, ಬ್ರೇಕೂ ಕಾಯುವುದಿಲ್ಲ. ಇಲ್ಲೊಂದು ಎಚ್ಚರಿಕೆ: ಘಟ್ಟ ಇಳಿಯುವ ದಿನ ಬ್ಯಾಟರಿಯನ್ನು ನೂರಕ್ಕೆ ನೂರು ತುಂಬಿಸಿಕೊಂಡು ಹೊರಡಬೇಡಿ. ತುಂಬಿದ ಬ್ಯಾಟರಿ ಮತ್ತೆ ಕರೆಂಟು ತೆಗೆದುಕೊಳ್ಳದು. ಆಗ ಮೋಟರಿನ ಹಿಡಿತ ಸಡಿಲಾಗಿ ತಿರುವು ತಿರುವಿಗೂ ಬ್ರೇಕ್ ತುಳಿಯಬೇಕಾಗುತ್ತದೆ. 90ಕ್ಕೆ ನಿಲ್ಲಿಸಿ.

ಕಂಪನಿ ಹೇಳುವ ರೇಂಜಿನಲ್ಲಿ ಮೂರನೇ ಎರಡು ಭಾಗವನ್ನಷ್ಟೇ ನಂಬಿ. 30 ಯೂನಿಟ್ ಬ್ಯಾಟರಿಯ ಕಾರು ನಮ್ಮ ರಸ್ತೆಯಲ್ಲಿ 200 ಕಿ.ಮೀ. ಓಡಿದರೆ ಅದೇ ಸರಿಯಾದ ಲೆಕ್ಕ. ಕುಮಟಾಕ್ಕೆ ಹೋಗಿಬರಲು ಅಷ್ಟು ಸಾಕು. ಹುಬ್ಬಳ್ಳಿಗೆ ಹೋದ ದಿನ ನಿಮ್ಮ ಕೆಲಸ ಮುಗಿಯುವಷ್ಟರಲ್ಲಿ ಅಲ್ಲೇ ಒಮ್ಮೆ ಫಾಸ್ಟ್ ಚಾರ್ಜ್ ಮಾಡಿಕೊಳ್ಳಬೇಕು.

ಈಗ ದುಡ್ಡಿನ ವಿಚಾರ. ಲೀಟರಿಗೆ 15 ಕಿ.ಮೀ. ಕೊಡುವ ಕಾರಾದರೆ ನಿಮಗೆ ತಿಂಗಳಿಗೆ 67 ಲೀಟರ್ ಪೆಟ್ರೋಲ್ ಬೇಕು. ಲೀಟರಿನ ಬೆಲೆ ನೂರು ದಾಟಿರುವಾಗ ಅದು ಏಳು ಸಾವಿರದ ಹತ್ತಿರ ಬರುತ್ತದೆ. ಅಷ್ಟೇ ಓಡಾಟಕ್ಕೆ ಎಲೆಕ್ಟ್ರಿಕ್ ಕಾರು ಚಾರ್ಜಿಂಗ್ ನಷ್ಟವೂ ಸೇರಿ ಸುಮಾರು 160 ಯೂನಿಟ್ ಎಳೆಯುತ್ತದೆ. ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ ಸಾವಿರ ರೂಪಾಯಿಯೊಳಗೆ ಮುಗಿಯಿತು ಎನ್ನಿಸುತ್ತದೆ. ಮುಗಿಯುವುದಿಲ್ಲ. ನಿಮ್ಮ ಮನೆಗೆ ಈಗ ಗೃಹಜ್ಯೋತಿ ಇದ್ದು ತಿಂಗಳಿಗೆ 120 ಯೂನಿಟ್ ಉರಿಯುತ್ತಿದ್ದರೆ, ಕಾರು ಬಂದ ತಿಂಗಳೇ ಅದು 280 ಆಗುತ್ತದೆ. 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. ನಿಗದಿತ ಶುಲ್ಕ, ತೆರಿಗೆ ಎಲ್ಲ ಸೇರಿ ಎರಡು ಸಾವಿರ ಚಿಲ್ಲರೆ ಆದೀತು. ಇದನ್ನು ಯಾವ ಸೇಲ್ಸ್‌ಮನ್ನೂ ತಾನಾಗಿ ಹೇಳುವುದಿಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಕಾರು ಚಾರ್ಜಿಂಗಿಗೆ ಪ್ರತ್ಯೇಕ ದರವಿದೆ. ಅದಕ್ಕೆ ಬೇರೆ ಮೀಟರ್ ಸಿಗುತ್ತದೆಯೇ, ಖರ್ಚೆಷ್ಟು ಎಂದು ಹೆಸ್ಕಾಂ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ. ಇಷ್ಟಾದರೂ ತಿಂಗಳಿಗೆ ನಾಲ್ಕೂವರೆಯಿಂದ ಐದು ಸಾವಿರ ಉಳಿಯುತ್ತದೆ. ಎಲೆಕ್ಟ್ರಿಕ್ ಕಾರಿಗೆ ಮೂರು ಲಕ್ಷ ಹೆಚ್ಚು ಕೊಟ್ಟಿರೆಂದುಕೊಂಡರೂ ಐದಾರು ವರ್ಷಕ್ಕೆ ಕೈಸೇರುತ್ತದೆ. ಬ್ಯಾಟರಿಗೆ ಸಾಮಾನ್ಯವಾಗಿ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಇರುತ್ತದೆ.

ತೋಟದ ಪಂಪ್‌ಸೆಟ್ ಲೈನಿನಿಂದ ಕಾರು ಚಾರ್ಜ್ ಮಾಡುವ ಯೋಚನೆ ಮಾತ್ರ ಬೇಡವೇ ಬೇಡ. ಅದು ನೀರಾವರಿಗೆಂದು ಉಚಿತವಾಗಿ ಕೊಟ್ಟ ವಿದ್ಯುತ್ತು, ಬೇರೆ ಕೆಲಸಕ್ಕೆ ಬಳಸುವುದು ಅಪರಾಧ.

ಎಲೆಕ್ಟ್ರಿಷಿಯನ್ ಬಂದಾಗ ಅರ್ಥಿಂಗ್ ಅಳೆಸಿ. ನಮ್ಮ ಹಳೆಯ ಮನೆಗಳಲ್ಲಿ ದೊಡ್ಡ ತೊಡಕೆಂದರೆ ಇದು. ಚಿರೆಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿತೆಂದರೆ ಅರ್ಥಿಂಗ್ ಸತ್ತಂತೆಯೇ. ಫ್ರಿಜ್, ಮಿಕ್ಸಿ ಎಲ್ಲ ನಡೆಯುತ್ತಿರುತ್ತವೆ, ಕಾರಿನ ಚಾರ್ಜರ್ ಮಾತ್ರ ಕೆಂಪು ದೀಪ ಹತ್ತಿಸಿ ಕೂರುತ್ತದೆ. ಚಾರ್ಜರ್ ಕೆಟ್ಟಿತೆಂದು ಜನ ಕಂಪನಿಗೆ ಫೋನ್ ಮಾಡುತ್ತಾರೆ, ಕೆಟ್ಟಿರುವುದು ನೆಲದೊಳಗಿನ ಪಟ್ಟಿ. ಹೊಸ ಅರ್ಥ್ ಗುಂಡಿ ತೆಗೆಸಿ, ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕುತ್ತಿರಿ. ಮೀಟರಿನಿಂದ ನೇರವಾಗಿ ದಪ್ಪ ವೈರ್ ಎಳೆಸಿ ಕಾರಿಗೇ ಒಂದು 16 ಆಂಪಿಯರ್ ಸಾಕೆಟ್ ಹಾಕಿಸಿ. ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಚಾರ್ಜ್ ಮಾಡಿದರೆ ಪ್ಲಗ್ ಕರಗುತ್ತದೆ.

ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದು ಎರಡು ದಿನ ಕರೆಂಟಿಲ್ಲ ಎಂದಿಟ್ಟುಕೊಳ್ಳಿ. ಪೇಟೆಗೆ ಹೋಗಿಬರಲು ನಿಮಗೆ ದಿನಕ್ಕೆ ಬೇಕಾದ್ದು ಮೂರೇ ಯೂನಿಟ್, ಆ ಸಾಕೆಟ್‌ನಲ್ಲಿ ಸುಮಾರು ಒಂದು ಗಂಟೆಯ ಚಾರ್ಜ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬ್ಯಾಟರಿ 60ಕ್ಕಿಂತ ಕೆಳಗಿಳಿಯದಂತೆ ನೋಡಿಕೊಂಡರೆ ಐದಾರು ದಿನ ಚಿಂತೆಯಿಲ್ಲ.

ನನಗೆ ನಿಜವಾಗಿ ಅಳುಕಿರುವುದು ಒಂದೇ ಕಡೆ. ದೊಡ್ಡ ಕಾಯಿಲೆಯೆಂದರೆ ನಮ್ಮ ಜಿಲ್ಲೆಯವರು ಇಂದಿಗೂ ಮಣಿಪಾಲಕ್ಕೋ ಹುಬ್ಬಳ್ಳಿಗೋ ಓಡಬೇಕು. ಶಿರಸಿಯಿಂದ ಮಣಿಪಾಲ ಇನ್ನೂರು ಕಿ.ಮೀ. ಆಸುಪಾಸು. ಮಧ್ಯರಾತ್ರಿ ಹೊರಡಬೇಕಾದಾಗ ದಾರಿಯಲ್ಲಿ ಚಾರ್ಜರ್ ಹುಡುಕುತ್ತಾ ನಿಲ್ಲುವಂತಾಗಬಾರದು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಬಂದ್ ಆದದ್ದು ನಿಮಗೆ ನೆನಪಿದ್ದೀತು. ಅಂಥ ಹೊತ್ತಿನಲ್ಲಿ ಸುತ್ತುದಾರಿಯ ಕಿಲೋಮೀಟರುಗಳೂ ಸೇರುತ್ತವೆ. ಮನೆಯಲ್ಲಿ ಹೃದ್ರೋಗವೋ ಇನ್ನೇನೋ ಇರುವ ಹಿರಿಯರಿದ್ದರೆ ಹಳೆಯ ಪೆಟ್ರೋಲ್ ಕಾರನ್ನು ಸದ್ಯಕ್ಕೆ ಕೊಡಬೇಡಿ. ಎಕ್ಸ್‌ಚೇಂಜಿನಲ್ಲಿ ಹೇಗೂ ಅದಕ್ಕೆ ಒಳ್ಳೆಯ ಬೆಲೆ ಬರುವುದಿಲ್ಲ.

ಪ್ರಶ್ನೆ: ಕಾರವಾರದಲ್ಲಿ ಬಾಡಿಗೆ ಫ್ಲ್ಯಾಟಿನಲ್ಲಿದ್ದೇನೆ. ಕಾರು ನಿಲ್ಲುವುದು ರಸ್ತೆಬದಿಯಲ್ಲಿ. ತಿಂಗಳಿಗೆ 300 ಕಿ.ಮೀ. ಓಡಿಸಿದರೆ ಹೆಚ್ಚು. ಪರಿಸರದ ಕಾಳಜಿಯಿಂದ ಎಲೆಕ್ಟ್ರಿಕ್ ತೆಗೆದುಕೊಳ್ಳಬೇಕೆಂದಿದ್ದೇನೆ.
– ಶಿಕ್ಷಕಿ, ಕಾರವಾರ

ಉತ್ತರ: ನಿಮ್ಮ ಕಾಳಜಿ ದೊಡ್ಡದು ಮೇಡಂ, ಆದರೆ ಸದ್ಯಕ್ಕೆ ಚಿಕ್ಕ ಪೆಟ್ರೋಲ್ ಕಾರೇ ಸಾಕು. ಸ್ವಂತ ಪ್ಲಗ್ ಇಲ್ಲದವರು ಪ್ರತಿ ಸಲವೂ ಫಾಸ್ಟ್ ಚಾರ್ಜರನ್ನೇ ನೆಚ್ಚಬೇಕು. ಅಲ್ಲಿ ಯೂನಿಟ್ಟಿನ ದರ ಮನೆಯ ದರದ ಮೂರು ಪಟ್ಟು, ಹಲವೆಡೆ ಅದಕ್ಕೂ ಹೆಚ್ಚು. ಉಳಿತಾಯ ತಿಂಗಳಿಗೆ ಸಾವಿರದಿಂದ ಸಾವಿರದ ಇನ್ನೂರು. ಕೊಟ್ಟ ಹೆಚ್ಚಿನ ಹಣ ಕಾರಿನ ಆಯುಷ್ಯದೊಳಗೆ ವಾಪಸಾಗುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಪೆಟ್ರೋಲ್ ಕಾರುಗಳ ಜಿಎಸ್‌ಟಿ 28ರಿಂದ ಶೇ. 18ಕ್ಕೆ ಇಳಿದ ಮೇಲೆ ಎರಡರ ಬೆಲೆಯ ಅಂತರ ಇನ್ನೂ ಹೆಚ್ಚಿದೆ. ಇಷ್ಟು ಕಡಿಮೆ ಓಡಿಸುವವರಿಂದ ಹೊಗೆಯೂ ಕಡಿಮೆಯೇ. ಪಾರ್ಕಿಂಗಿನಲ್ಲಿ ಸಾಕೆಟ್ ಇರುವ ಮನೆ ಸಿಕ್ಕ ಮೇಲೆ ಮತ್ತೆ ಬರೆಯಿರಿ, ಆಗ ನನ್ನ ಉತ್ತರ ಬೇರೆ ಇರುತ್ತದೆ.

ಪ್ರಶ್ನೆ: ನಮ್ಮ ಮನೆ ಕಡಲಿಗೆ ಹತ್ತಿರ. ಉಪ್ಪುಗಾಳಿಗೆ, ಮಳೆನೀರಿಗೆ ಬ್ಯಾಟರಿ ತಡೆಯುತ್ತದೆಯೇ?
– ಓದುಗರು, ಹೊನ್ನಾವರ

ಉತ್ತರ: ಬ್ಯಾಟರಿ ಪೆಟ್ಟಿಗೆಗೆ ಸಾಮಾನ್ಯವಾಗಿ ಐಪಿ67 ದರ್ಜೆಯ ರಕ್ಷಣೆ ಇರುತ್ತದೆ. ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಇಟ್ಟು ಮಾಡುವ ಪರೀಕ್ಷೆ ಅದು. ಆದ್ದರಿಂದ ಮಳೆಯ ಚಿಂತೆ ಬೇಡ. ಆದರೆ ಹೊಳೆ ಉಕ್ಕಿ ಕಾರು ಗಂಟೆಗಟ್ಟಲೆ ನೀರಿನಲ್ಲಿ ನಿಂತಿದ್ದರೆ ಸ್ಟಾರ್ಟ್ ಮಾಡಲೂ ಹೋಗಬೇಡಿ, ಚಾರ್ಜಿಗೂ ಹಾಕಬೇಡಿ, ಸರ್ವಿಸ್ ಸೆಂಟರಿಗೆ ಎತ್ತಿಸಿಕೊಂಡು ಹೋಗಿ. ಉಪ್ಪುಗಾಳಿ ತಿನ್ನುವುದು ಕಾರಿನ ತಳವನ್ನು, ಬೋಲ್ಟುಗಳನ್ನು. ಪೆಟ್ರೋಲ್ ಕಾರಿಗೂ ಅದು ತಪ್ಪಿದ್ದಲ್ಲ. ಹದಿನೈದು ದಿನಕ್ಕೊಮ್ಮೆ ತಳಕ್ಕೆ ಸಿಹಿನೀರು ಹೊಡೆಸಿ. ಚಾರ್ಜಿಂಗ್ ಪೋರ್ಟಿನ ಮುಚ್ಚಳದ ರಬ್ಬರ್ ಸವೆದಿದ್ದರೆ ತಡಮಾಡದೆ ಬದಲಿಸಿ.