ಟಿಸಿ ಕೊನೆಗೆ ತೆಗೆಯುವ ಕಾಗದ, ಮೊದಲಿಗಲ್ಲ

ಪ್ರಶ್ನೆ: ಮಗಳು ಯಲಹಂಕ ಕಡೆಯ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜಿನಲ್ಲಿ ಎಂಜಿನಿಯರಿಂಗ್ ಮೂರನೇ ಸೆಮಿಸ್ಟರ್. ನಮ್ಮ ಮನೆ ಬನಶಂಕರಿ. ಓಡಾಟದಲ್ಲೇ ಸೊರಗಿದ್ದಾಳೆ. ಮೊದಲ ಇಂಟರ್ನಲ್ಸ್ (ಕಾಲೇಜೇ ನಡೆಸುವ ಆಂತರಿಕ ಪರೀಕ್ಷೆ) ಮುಗಿದಿದೆ. ಟಿಸಿ ಪಡೆದು ಹತ್ತಿರದ ಕಾಲೇಜಿಗೆ ಸೇರಿಸಲೇ?

ಬೇಡ. ಟಿಸಿಗೆ ಅರ್ಜಿಯನ್ನೇ ಹಾಕಬೇಡಿ. ಪ್ರತಿ ವರ್ಷ ಇದೇ ಪ್ರಶ್ನೆ ಬರುತ್ತದೆ, ಬರುವ ಹೊತ್ತಿಗೆ ಅರ್ಧ ಜನ ಟಿಸಿ ತೆಗೆದುಬಿಟ್ಟಿರುತ್ತಾರೆ. ವಿಟಿಯು ಕಾಲೇಜು ಬದಲಾವಣೆಗೆ ಬಿಡುವುದು ಬೆಸ ಸೆಮಿಸ್ಟರ್ ಶುರುವಿನಲ್ಲಿ, ತಾನು ಪ್ರಕಟಿಸಿದ ದಿನಾಂಕದೊಳಗೆ ಮಾತ್ರ. ಥಿಯರಿ ವಿಷಯದ 100 ಅಂಕಗಳಲ್ಲಿ 50 ಇಂಟರ್ನಲ್ಸ್‌ನದು. ಅದರಲ್ಲಿ 20 ಬರದಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲ. ಹಾಜರಾತಿ ಶೇ. 85 ಬೇಕು. ಇವೆರಡೂ ಇರುವುದು ಹಳೇ ಕಾಲೇಜಿನ ರಿಜಿಸ್ಟರಿನಲ್ಲಿ. ತಾನು ನಡೆಸದ ಟೆಸ್ಟಿಗೆ ಹೊಸ ಕಾಲೇಜು ಅಂಕ ಹಾಕುವಂತಿಲ್ಲ. ನಡುವೆ ಬಿಟ್ಟರೆ ಹೋಗುವುದು ಇಡೀ ಸೆಮಿಸ್ಟರ್.

ಈ ವರ್ಷ ಅಲ್ಲೇ ಮುಗಿಸಲಿ. ಕಷ್ಟವಾದರೆ ಕಾಲೇಜಿನ ಹತ್ತಿರ ಪಿಜಿ ಹುಡುಕಿ. ಐದನೇ ಸೆಮಿಸ್ಟರ್‌ಗೆ ಹೀಗೆ ಹೋಗಿ: ಸೇರಬೇಕೆಂದಿರುವ ಕಾಲೇಜಿನಲ್ಲಿ ಅದೇ ಬ್ರಾಂಚಿನಲ್ಲಿ ಮಂಜೂರಾದ ಸೀಟು ಖಾಲಿ ಇದೆಯೇ ಎಂದು ಮೊದಲು ವಿಚಾರಿಸಿ. ಇದ್ದರೆ ಒಪ್ಪಿಗೆಯನ್ನೂ ಉಳಿದ ವರ್ಷಗಳ ಫೀಸನ್ನೂ ಬರಹದಲ್ಲಿ ತೆಗೆದುಕೊಳ್ಳಿ. ಬಾಯಿಮಾತಿನ ಫೀಸು ನಂಬಬೇಡಿ. ಆಮೇಲೆ ಈಗಿನ ಕಾಲೇಜಿನ ಎನ್‌ಒಸಿ (ಅಭ್ಯಂತರವಿಲ್ಲ ಎಂಬ ಪತ್ರ), ಎಲ್ಲ ಸೆಮಿಸ್ಟರ್‌ಗಳ ಅಂಕಪಟ್ಟಿ ಸೇರಿಸಿ ವಿಶ್ವವಿದ್ಯಾಲಯಕ್ಕೆ ಶುಲ್ಕದೊಂದಿಗೆ ಅರ್ಜಿ. ಅನುಮತಿ ಪತ್ರ ಕೈಗೆ ಬಂದ ಮೇಲಷ್ಟೇ ಟಿಸಿ. ಮೊದಲೇ ಟಿಸಿ ತೆಗೆದು ಅಲ್ಲಿ ಅರ್ಜಿ ತಿರಸ್ಕಾರವಾದರೆ ಎರಡೂ ಕಡೆ ಸೀಟಿಲ್ಲ.

ಎರಡರಲ್ಲಿ ಒಂದು ಸ್ವಾಯತ್ತ (ತನ್ನ ಸಿಲಬಸ್ ತಾನೇ ಮಾಡಿಕೊಳ್ಳುವ) ಕಾಲೇಜಾಗಿದ್ದರೆ ಇನ್ನೂ ಎಚ್ಚರ ಬೇಕು. ಸಿಲಬಸ್ ಬೇರೆ ಇರುತ್ತದೆ. ಓದದೇ ಬಿಟ್ಟ ವಿಷಯಗಳನ್ನು ಹೆಚ್ಚುವರಿಯಾಗಿ ಪಾಸು ಮಾಡುವ ಹೊರೆ ಬೀಳುತ್ತದೆ. ಎರಡೂ ಕಡೆಯ ಸ್ಕೀಮ್ ಪುಸ್ತಕ (ಸೆಮಿಸ್ಟರ್‌ವಾರು ವಿಷಯ, ಕ್ರೆಡಿಟ್‌ಗಳ ಪಟ್ಟಿ) ಎದುರಿಟ್ಟು ವಿಷಯವಾರು ಕ್ರೆಡಿಟ್ ತಾಳೆ ನೋಡದೆ ನಿರ್ಧಾರ ಮಾಡಬೇಡಿ.

ಪ್ರಶ್ನೆ: ಏಜೆಂಟರೊಬ್ಬರು ಡಿಸೆಂಬರಿನಲ್ಲೂ ಕಾಲೇಜು ಬದಲಾವಣೆ ಮಾಡಿಸಿಕೊಡುತ್ತೇನೆ, ಅಡ್ವಾನ್ಸ್ ಕೊಡಿ ಎನ್ನುತ್ತಿದ್ದಾರೆ.

ಕೊಡಬೇಡಿ. ಅನುಮತಿ ಕೊಡುವುದು ವಿಶ್ವವಿದ್ಯಾಲಯ, ಏಜೆಂಟನಲ್ಲ. ಮಕ್ಕಳ ವರ್ಷ ಹಾಳು ಮಾಡಿ ದುಡ್ಡು ಮಾಡುವವರು ಇವರು.

ಪ್ರಶ್ನೆ: ಬೆಂಗಳೂರು ವಿ.ವಿ.ಯಿಂದ ಬೆಂಗಳೂರು ನಗರ ವಿ.ವಿ. ಕಾಲೇಜಿಗೆ ಬಿಕಾಂ ಬದಲಾವಣೆ ಸುಲಭವೇ? ಎರಡೂ ಒಂದೇ ಅಲ್ಲವೇ?

ಒಂದೇ ಅಲ್ಲ. ವಿಭಜನೆಯಾದ ಮೇಲೆ ಅವು ಬೇರೆ ಬೇರೆ ವಿಶ್ವವಿದ್ಯಾಲಯಗಳು. ಮೈಗ್ರೇಷನ್ ಸರ್ಟಿಫಿಕೇಟ್ (ಬೇರೆ ವಿ.ವಿ.ಗೆ ಹೋಗಲು ಹಳೇ ವಿ.ವಿ. ಕೊಡುವ ಪತ್ರ) ಬೇಕೇ ಬೇಕು.

ಪ್ರಶ್ನೆ: ಬಿಡುತ್ತೇನೆ ಎಂದರೆ ಕಾಲೇಜಿನವರು ಮೂಲ ಅಂಕಪಟ್ಟಿ ಕೊಡುತ್ತಿಲ್ಲ. ಫೀಸು ವಾಪಸು ಬರುತ್ತದೆಯೇ?

ಮೂಲ ದಾಖಲೆ ಇಟ್ಟುಕೊಳ್ಳುವುದನ್ನು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ಅಧಿಸೂಚನೆಯಲ್ಲೇ ನಿಷೇಧಿಸಿದೆ. ಪ್ರಾಂಶುಪಾಲರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ, ಜಗ್ಗದಿದ್ದರೆ ಯುಜಿಸಿಗೆ ದೂರು ಕೊಡಿ. ಫೀಸಿನ ಮಾತು ಬೇರೆ: ಅದೇ ಅಧಿಸೂಚನೆಯಂತೆ ಪ್ರವೇಶದ ಕೊನೆಯ ದಿನ ಕಳೆದು 15 ದಿನದೊಳಗೆ ಬಿಟ್ಟರೆ ಶೇ. 80, 30 ದಿನದೊಳಗಾದರೆ ಶೇ. 50, ಆಮೇಲೆ ಏನೂ ಇಲ್ಲ. ಕಾಷನ್ ಡೆಪಾಸಿಟ್ (ಸೇರುವಾಗ ಕಟ್ಟಿದ ಠೇವಣಿ) ಮಾತ್ರ ಪೂರ್ತಿ ಕೇಳಿ ಪಡೆಯಿರಿ.