ಓದುಗರ ಪ್ರಶ್ನೆ: ಅಂದದ ಫಾರ್ಮ್, ಅದಕ್ಕೆ ತಕ್ಕ ಹೋಸ್ಟಿಂಗ್

ಪ್ರಶ್ನೆ: ಜನರಿಂದ ಅರ್ಜಿಗಳನ್ನೂ ದಾಖಲೆಗಳನ್ನೂ ಪಡೆಯುವ ಜಾಲತಾಣವೊಂದನ್ನು ರೂಪಿಸುತ್ತಿದ್ದೇನೆ. ವಿನ್ಯಾಸಕ್ಕೆ ಹೊಂದಲೆಂದು ಡ್ರಾಪ್‌ಡೌನ್ ಮತ್ತು ಚೆಕ್‌ಬಾಕ್ಸ್‌ಗಳನ್ನು ಡಿವ್‌ಗಳಿಂದಲೇ ಕಟ್ಟಿದೆ. ಆದರೆ ಟ್ಯಾಬ್ ಕೀಲಿ ಒತ್ತಿದರೆ ಅವುಗಳತ್ತ ಹೋಗಲಾಗುತ್ತಿಲ್ಲ. ಆರಿಸಿದ ಮೌಲ್ಯವೂ ಸರ್ವರ್‌ಗೆ ತಲುಪುತ್ತಿಲ್ಲ. ಇದಕ್ಕೆ ಪರಿಹಾರವೇನು? ಈ ತಾಣಕ್ಕೆ ಸ್ಟ್ಯಾಟಿಕ್ ಹೋಸ್ಟಿಂಗ್ ಸಾಕೇ, ಇಲ್ಲವೇ ವಿಪಿಎಸ್ (ನಮಗೆಂದೇ ಮೀಸಲಾದ ವರ್ಚುವಲ್ ಸರ್ವರ್) ಬೇಕೇ?

ಉತ್ತರ: ಬ್ರೌಸರ್‌ನ ದೃಷ್ಟಿಯಲ್ಲಿ ಡಿವ್ ಬರಿಯ ಪೆಟ್ಟಿಗೆ. ಎಚ್‌ಟಿಎಂಎಲ್‌ನ ಸೆಲೆಕ್ಟ್ ಅಥವಾ ಇನ್‌ಪುಟ್ ಟ್ಯಾಗ್ ಬಳಸಿದರೆ ಕೀಲಿಮಣೆಯ ಚಲನೆ, ಸ್ಕ್ರೀನ್ ರೀಡರ್‌ಗೆ (ತೆರೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶಕ್ಕೆ) ಬೇಕಾದ ಮಾಹಿತಿ, ಫಾರ್ಮ್ ಸಲ್ಲಿಸುವಾಗ ಹೆಸರಿನೊಡನೆ ಹೋಗುವ ಮೌಲ್ಯ ಇವೆಲ್ಲ ತಾವಾಗಿಯೇ ಒದಗುತ್ತವೆ. ಡಿವ್ ಬಳಸಿದಾಗ ಒಂದೊಂದನ್ನೂ ನೀವೇ ಬರೆಯಬೇಕು.

ಚೆಕ್‌ಬಾಕ್ಸ್‌ಗಂತೂ ಈ ಶ್ರಮವೇ ಬೇಡ. ಬಣ್ಣವಷ್ಟೇ ಬದಲಾಗಬೇಕಿದ್ದರೆ ಪುಟದ ರೂಪವನ್ನು ನಿರ್ಧರಿಸುವ ಸಿಎಸ್‌ಎಸ್‌ನ ಆಕ್ಸೆಂಟ್-ಕಲರ್ ಗುಣ ಸಾಕು. ಆಕಾರವೂ ಬದಲಾಗಬೇಕಿದ್ದರೆ ಅಪಿಯರೆನ್ಸ್ ಗುಣಕ್ಕೆ ನನ್ (none) ಎಂದು ಕೊಟ್ಟು ಅದೇ ಇನ್‌ಪುಟ್ಟಿಗೆ ಹೊಸ ರೂಪ ಕೊಡಬಹುದು. ಮೂಲ ಚೆಕ್‌ಬಾಕ್ಸನ್ನು ಡಿಸ್‌ಪ್ಲೇ ನನ್ ಎಂದು ಅಡಗಿಸಿ, ಲೇಬಲ್ ಮೇಲೆ ಚಿತ್ರ ಕೂರಿಸುವ ಹಳೆಯ ಉಪಾಯವನ್ನು ಮಾತ್ರ ಅನುಸರಿಸಬೇಡಿ, ಏಕೆಂದರೆ ಹಾಗೆ ಅಡಗಿಸಿದ್ದನ್ನು ಕೀಲಿಮಣೆಯಿಂದ ತಲುಪಲಾಗದು.

ಡ್ರಾಪ್‌ಡೌನ್ ಸ್ವಲ್ಪ ಹಟಮಾರಿ. ಮುಚ್ಚಿದ ಸೆಲೆಕ್ಟ್‌ನ ರೂಪವನ್ನು ಸಿಎಸ್‌ಎಸ್‌ನಿಂದ ಸಾಕಷ್ಟು ತಿದ್ದಬಹುದಾದರೂ ತೆರೆದ ಪಟ್ಟಿ ಬಹುಕಾಲ ವಿನ್ಯಾಸಕಾರರ ಹಿಡಿತಕ್ಕೆ ಸಿಗಲಿಲ್ಲ. 2025ರಲ್ಲಿ ಕ್ರೋಮ್‌ನ 135ನೇ ಆವೃತ್ತಿಯೊಡನೆ ಬಂದ ಬೇಸ್-ಸೆಲೆಕ್ಟ್ ಎಂಬ ಅಪಿಯರೆನ್ಸ್ ಮೌಲ್ಯ ಅದಕ್ಕೂ ಅವಕಾಶ ಕೊಟ್ಟಿದೆ. ಅದನ್ನು ಅರಿಯದ ಬ್ರೌಸರ್‌ಗಳು ಎಂದಿನ ಪಟ್ಟಿಯನ್ನೇ ತೋರಿಸುವುದರಿಂದ ಅರ್ಜಿ ತುಂಬುವವರಿಗೆ ತೊಂದರೆಯಿಲ್ಲ. ಟೈಪ್ ಮಾಡುತ್ತ ಹುಡುಕಿ ಆರಿಸುವಂಥ ಪೆಟ್ಟಿಗೆ ನಿಜಕ್ಕೂ ಬೇಕಿದ್ದರೆ, ಕಸ್ಟಮ್ ಎಲಿಮೆಂಟ್ (ನೀವೇ ರೂಪಿಸುವ ಟ್ಯಾಗ್) ಬರೆದು, ಅದನ್ನು ಫಾರ್ಮ್-ಅಸೋಸಿಯೇಟೆಡ್, ಅಂದರೆ ಫಾರ್ಮ್‌ಗೆ ಸೇರಿದ್ದು ಎಂದು ಘೋಷಿಸಿ, ಎಲಿಮೆಂಟ್ ಇಂಟರ್ನಲ್ಸ್ ಎಂಬ ಬ್ರೌಸರ್ ಸೌಲಭ್ಯದ ಮೂಲಕ ಮೌಲ್ಯವನ್ನು ಫಾರ್ಮ್‌ಗೆ ಒಪ್ಪಿಸಿ. 2023ರಲ್ಲಿ ಸಫಾರಿ 16.4 ಬಂದಂದಿನಿಂದ ಇದು ಎಲ್ಲ ಪ್ರಮುಖ ಬ್ರೌಸರ್‌ಗಳಲ್ಲೂ ನಡೆಯುತ್ತದೆ. ಆದರೆ ಇದರಿಂದ ಬಗೆಹರಿಯುವುದು ಮೌಲ್ಯ ತಲುಪಿಸುವ ತೊಡಕು ಮಾತ್ರ. ಬಾಣದ ಕೀಲಿಗಳ, ಎಸ್ಕೇಪ್ ಕೀಲಿಯ ವರ್ತನೆಯನ್ನೂ ಸ್ಕ್ರೀನ್ ರೀಡರ್‌ಗೆ ಮಾಹಿತಿ ಕೊಡುವ ಏರಿಯಾ (ARIA) ಗುಣಗಳನ್ನೂ ಬರೆಯುವ ಕೆಲಸ ನಿಮಗೇ ಉಳಿಯುತ್ತದೆ. ವಿನ್ಯಾಸದ ಚಿತ್ರದಲ್ಲಿ ಪಟ್ಟಿಯ ಮೂಲೆಗಳು ದುಂಡಗಿವೆ ಎಂಬಷ್ಟಕ್ಕೇ ಈ ಹೊರೆ ಹೊರುವುದು ನನಗೆ ಸರಿಕಾಣದು.

ಇನ್ನು ಹೋಸ್ಟಿಂಗ್. ಸ್ಟ್ಯಾಟಿಕ್ ಹೋಸ್ಟಿಂಗ್ ಕಡತಗಳನ್ನು ಕಳಿಸಿಕೊಡುತ್ತದೆಯೇ ಹೊರತು ಬಂದ ಅರ್ಜಿಯನ್ನು ಸ್ವೀಕರಿಸುವ ಪ್ರೋಗ್ರಾಮನ್ನು ನಡೆಸುವುದಿಲ್ಲ; ಅದಕ್ಕೆ ಸರ್ವರ್‌ಲೆಸ್ ಫಂಕ್ಷನ್ (ಕೋರಿಕೆ ಬಂದಾಗಷ್ಟೇ ನಡೆಯುವ ಪುಟ್ಟ ಪ್ರೋಗ್ರಾಮ್) ಅಥವಾ ಹೊರಗಿನ ಫಾರ್ಮ್ ಸೇವೆಯನ್ನು ಜೋಡಿಸಬೇಕು. ಹೊರಗಿನ ಸೇವೆಯಾದರೆ ಅರ್ಜಿದಾರರ ಖಾಸಗಿ ದಾಖಲೆಗಳು ಮೂರನೆಯವರ ಬಳಿ ಉಳಿಯುತ್ತವೆ. ವಿಪಿಎಸ್‌ನಲ್ಲಿ ಸ್ವಾತಂತ್ರ್ಯ ಹೆಚ್ಚು, ಆದರೆ ಸ್ವತಃ ನಿರ್ವಹಿಸಬೇಕಾದ ವಿಪಿಎಸ್‌ನಲ್ಲಿ ಭದ್ರತಾ ಅಪ್‌ಡೇಟ್, ಫೈರ್‌ವಾಲ್, ಬ್ಯಾಕಪ್ ಎಲ್ಲವೂ ನಿಮ್ಮ ಹೊಣೆ. ಅದನ್ನು ನಿತ್ಯ ನೋಡಿಕೊಳ್ಳುವವರು ಇಲ್ಲದಿದ್ದರೆ ಪಿಎಚ್‌ಪಿ ಭಾಷೆಯ ಪ್ರೋಗ್ರಾಮ್ ನಡೆಸುವ ಸೌಲಭ್ಯ ಮತ್ತು ಡೇಟಾಬೇಸ್ ಇರುವ ಶೇರ್ಡ್ ಹೋಸ್ಟಿಂಗ್ (ಹಲವು ತಾಣಗಳು ಒಂದೇ ಸರ್ವರನ್ನು ಹಂಚಿಕೊಳ್ಳುವ ವ್ಯವಸ್ಥೆ) ಅನ್ನೇ ಆರಿಸಿ. ಪಿಎಚ್‌ಪಿಯ ಮೂಲ ವ್ಯವಸ್ಥೆಯಲ್ಲಿ ಒಂದು ಕಡತದ ಮಿತಿ 2 ಎಂಬಿ, ಇಡೀ ಸಲ್ಲಿಕೆಯ ಮಿತಿ 8 ಎಂಬಿ ಇರುತ್ತದೆ. ನೀವು ದಾಖಲೆಗಳನ್ನು ಪಡೆಯುವುದರಿಂದ ಇವನ್ನು ಹೆಚ್ಚಿಸಲು ಅನುಮತಿಯಿದೆಯೇ ಎಂದು ಹಣ ಕಟ್ಟುವ ಮೊದಲೇ ಕೇಳಿ. ಬಂದ ಅರ್ಜಿಯನ್ನು ಇಮೇಲ್‌ಗಷ್ಟೇ ಒಪ್ಪಿಸದೆ, ಸರ್ವರ್‌ನಲ್ಲಿ ಮತ್ತೊಮ್ಮೆ ಪರಿಶೀಲಿಸಿ ಮೊದಲು ಡೇಟಾಬೇಸ್‌ನಲ್ಲಿ ಉಳಿಸಿರಿ. ಪತ್ರ ನಿಜಕ್ಕೂ ಆ ಡೊಮೇನಿನದೇ ಎಂದು ಪರಿಶೀಲಿಸಲು ನೆರವಾಗುವ ಎಸ್‌ಪಿಎಫ್ ಮತ್ತು ಡಿಕಿಮ್ (DKIM) ವ್ಯವಸ್ಥೆಗಳನ್ನು ಸರಿಯಾಗಿ ಹೊಂದಿಸದ ಡೊಮೇನ್‌ನಿಂದ ಹೊರಟ ಪತ್ರಗಳು ಸ್ಪ್ಯಾಮ್ ಪಾಲಾಗುವ ಸಂಭವವಿದೆ.